ಬೇಲೂರಿನ ಅಂಗಡಿಯ ದರ್ಪಣಸುಂದರಿ: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬಹುದು

ತೀರ್ಪು ಮೊದಲೇ ಹೇಳಿಬಿಡೋಣ. ದರ್ಪಣಸುಂದರಿ ಎಂದರೆ ಬೇಲೂರಿನ ಚೆನ್ನಕೇಶವ ದೇವಸ್ಥಾನದ, ಕನ್ನಡಿ ನೋಡಿಕೊಳ್ಳುವ ಹೆಣ್ಣಿನ ಶಿಲ್ಪ; ಅಂಗಡಿಗಳಲ್ಲಿ ಸಿಗುವುದು ಅದರ ಪ್ರತಿಕೃತಿ. ಮನೆಯಲ್ಲಿಡಲು ಬೇಕಿದ್ದರೆ ಎಂಟರಿಂದ ಹತ್ತು ಇಂಚಿನ ಬಳಪದ ಕಲ್ಲಿನ ದರ್ಪಣಸುಂದರಿ ಕೊಳ್ಳಿ. ತೋಳಿಗೂ ಮೈಗೂ ನಡುವೆ ಬೆಳಕು ತೂರಬೇಕು, ಅವಳ ಕಣ್ಣು ಕನ್ನಡಿಯ ಕಡೆಗಿರಬೇಕು. ಹೆಣ್ಣಿನ ರೂಪ ಮಾರುಕಟ್ಟೆಗೆ ಬಂದಾಗ ಏನೇನಾಗುತ್ತದೆ ಎಂಬ ಕುತೂಹಲವಿದ್ದರೆ, ರಾಳವನ್ನು ಅಚ್ಚಿಗೆ ಹೊಯ್ದು ಬಣ್ಣ ಬಳಿದ ಅಗ್ಗದ ರೆಸಿನ್‌ದೂ ಒಂದನ್ನು ಜೊತೆಗೆ ಕೊಳ್ಳಿ. ಇವೆರಡರ ನಡುವಿನ ಸರಕು, ಅಂದರೆ ಕಪ್ಪು ಪಾಲಿಶ್ ಹೊಡೆದು ಕಲ್ಲೆಂದು ಮಾರುವುದು, ಯಾರಿಗೂ ಬೇಡ.

ಬೇಲೂರು ಹಾಸನದಿಂದ ಸುಮಾರು ನಲವತ್ತು ಕಿಲೋಮೀಟರ್, ಚಿಕ್ಕಮಗಳೂರಿನಿಂದ ಇಪ್ಪತ್ತೈದು. ಚೆನ್ನಕೇಶವ ದೇವಸ್ಥಾನ ನೋಡಿ ಹೊರಬಂದವರಿಗೆ ಸುತ್ತಲ ಅಂಗಡಿಗಳಲ್ಲಿ ಗಣಪತಿಯನ್ನು ಬಿಟ್ಟರೆ ಹೆಚ್ಚು ಕಾಣುವುದು ಇವಳೇ. ಕಲ್ಲಿನಲ್ಲಿ, ರೆಸಿನ್‌ನಲ್ಲಿ, ಪ್ಲಾಸ್ಟರಿನಲ್ಲಿ, ಹಿತ್ತಾಳೆಯಲ್ಲಿ, ಮರದಲ್ಲಿ, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್‌ನಲ್ಲಿ ಇವಳಿದ್ದಾಳೆ. ದೇವಸ್ಥಾನದ ಮದನಿಕೆಯರು, ಅಂದರೆ ಕಂಬಗಳ ಮೇಲಿನ ಇಂಥ ಹೆಣ್ಣಿನ ಶಿಲ್ಪಗಳು, ಒಟ್ಟು 42. 38 ಹೊರಗೆ ಸೂರಿನ ಕೆಳಗೆ, 4 ಒಳಗೆ ನವರಂಗ ಎಂಬ ಮಂಟಪದಲ್ಲಿ. ಅಂಗಡಿಯ ಕಪಾಟಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಬೇಟೆಯ ಹುಡುಗಿ, ಡೋಲು ಬಾರಿಸುವವಳು, ಸೀರೆ ಎಳೆದ ಕೋತಿಯನ್ನು ಗದರುವವಳು ಇವರೆಲ್ಲ ವಿರಳ. ಗಿಳಿ ಹಿಡಿದವಳು ಅಲ್ಲೊಂದು ಇಲ್ಲೊಂದು ಸಿಗುತ್ತಾಳೆ. ಕನ್ನಡಿ ನೋಡಿಕೊಳ್ಳುವವಳು ಮಾತ್ರ ಸಾಲುಸಾಲಾಗಿ. ಬಿಲ್ಲು ಹಿಡಿದ ಹೆಣ್ಣಿಗಿಂತ ಸಿಂಗರಿಸಿಕೊಳ್ಳುವ ಹೆಣ್ಣು ಬೇಗ ಖರ್ಚಾಗುತ್ತಾಳೆ ಎಂಬುದು ಅಂಗಡಿಯವರಿಗೆ ಯಾವ ಸಿದ್ಧಾಂತವನ್ನೂ ಓದದೆ ಗೊತ್ತು.

ವಸ್ತುವಿನಿಂದ ಶುರು ಮಾಡೋಣ, ಮೋಸ ಹೆಚ್ಚು ನಡೆಯುವುದು ಅಲ್ಲೇ. ಹೊಯ್ಸಳರ ಕಲ್ಲು ಕ್ಲೋರೈಟ್ ಇರುವ ಪದರಗಲ್ಲು, ನಾವು ಬಳಪದ ಕಲ್ಲು ಎನ್ನುವ ಜಾತಿಗೆ ಸೇರಿದ್ದು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆ ಕುಸುರಿ ಸಾಧ್ಯವಾದದ್ದು ಈ ಗುಣದಿಂದ. ಇಂದಿನ ಪ್ರತಿಕೃತಿಗಳ ಕಲ್ಲಿನಲ್ಲಿ ಟಾಲ್ಕ್ ಪ್ರಮಾಣ ಹೆಚ್ಚಿದ್ದರೆ ಇನ್ನೂ ಮೆದು; ಉಗುರಿನಿಂದ ಗೀರಿದರೂ ಬಿಳಿ ಗೆರೆ ಬೀಳುತ್ತದೆ. ನಿಜವಾದ ಬಣ್ಣ ಹಸಿರು ಮಿಶ್ರಿತ ಬೂದು. ಅಂಗಡಿಯಲ್ಲಿ ಕಾಣುವ ಕಡುಗಪ್ಪು ಬಹುಮಟ್ಟಿಗೆ ಎಣ್ಣೆ, ಮೇಣ ಅಥವಾ ಕಪ್ಪು ಪಾಲಿಶ್‌ನ ಕೊಡುಗೆ. ಬಿಳಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಬೆನ್ನ ಕಡೆ ಉಜ್ಜಿದರೆ ಬಟ್ಟೆ ಕಪ್ಪಾಗುತ್ತದೋ ಇಲ್ಲವೋ ನೋಡಿ. ಕಪ್ಪಾದರೆ ಅದು ಕಲ್ಲಲ್ಲ ಎಂದೇನೂ ಅಲ್ಲ. ಬಣ್ಣದ ಕೆಳಗೆ ಬಿರುಕಿನ ಮೇಲೆ ತುಂಬಿದ ಪುಟ್ಟಿ ಇರಬಹುದು, ಇನ್ನಷ್ಟು ನೋಡಬೇಕು ಎಂದಷ್ಟೇ ಅರ್ಥ.

ರೆಸಿನ್ ಎಂದರೆ ಪಾಲಿಯೆಸ್ಟರ್ ರಾಳಕ್ಕೆ ಸುಣ್ಣಕಲ್ಲಿನ ಪುಡಿ ಬೆರೆಸಿ ಸಿಲಿಕಾನ್ ಅಚ್ಚಿಗೆ ಹೊಯ್ದದ್ದು. ಪುಡಿ ಸೇರಿರುವುದರಿಂದ ಕೈಗೆ ಭಾರವಾಗಿಯೇ ಇರುತ್ತದೆ. ತೂಕ ನೋಡಿ ಕಲ್ಲೆಂದು ನಂಬುವವರು ಮೋಸ ಹೋಗುವುದು ಹೀಗೆ. ಕೆನ್ನೆಗೆ ತಾಗಿಸಿದರೆ ಕಲ್ಲು ತಣ್ಣಗಿರುತ್ತದೆ, ರೆಸಿನ್ ಅಷ್ಟು ತಣ್ಣಗಿರುವುದಿಲ್ಲ. ಮಳೆಗಾಲದಲ್ಲಿ ಎಲ್ಲವೂ ತಣ್ಣಗಿರುವ ಊರಿನಲ್ಲಿ ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ತಳ ತಿರುಗಿಸಿ ನೋಡಿ. ತಳಕ್ಕೆ ವೆಲ್ವೆಟ್ ಬಟ್ಟೆ ಅಂಟಿಸಿದ್ದರೆ ಅದರ ಒಂದು ಮೂಲೆ ಎತ್ತಲು ಕೇಳಿ. ಕಲ್ಲಾದರೆ ಗರಗಸದ ಅಥವಾ ಉಳಿಯ ಗುರುತು, ಕೆರೆದಾಗ ಟಾಲ್ಕಂ ಪೌಡರಿನಂಥ ನುಣುಪು ಪುಡಿ. ರೆಸಿನ್ ಆದರೆ ಗಾಳಿಗುಳ್ಳೆಯ ಸಣ್ಣ ತೂತುಗಳು, ಸುರಿದು ಹೆಪ್ಪುಗಟ್ಟಿದ ಮಟ್ಟಸ ಮೇಲ್ಮೈ, ಪಕ್ಕೆಯುದ್ದಕ್ಕೂ ಅರದಿಂದ ಉಜ್ಜಿ ಮರೆಮಾಡಿದ ಅಚ್ಚಿನ ಕೂಡುಗೆರೆ. ಕೂಡುಗೆರೆ ಹುಡುಕಲು ಒಳ್ಳೆಯ ಜಾಗ ಕಂಕುಳು ಮತ್ತು ಕಾಲುಗಳ ಸಂದು. ಅಲ್ಲಿಗೆ ಅರ ಹೋಗುವುದಿಲ್ಲ.

ಬಿಸಿ ಸೂಜಿ ಚುಚ್ಚಿದರೆ ಪ್ಲಾಸ್ಟಿಕ್ ಕರಗುತ್ತದೆ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಪಾಲಿಯೆಸ್ಟರ್ ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಕರಗುವುದೇ ಇಲ್ಲ, ಮೂಗಿಗೆ ಹೊಡೆಯುವ ರಾಸಾಯನಿಕ ವಾಸನೆ ಬರುತ್ತದೆ ಅಷ್ಟೆ. ಕರಗಲಿಲ್ಲ, ಆದ್ದರಿಂದ ಕಲ್ಲು ಎಂದು ತೀರ್ಮಾನಿಸಿದವರು ಬಹಳ. ಅಂಗಡಿಯೊಳಗೆ ಸೂಜಿ ಕಾಯಿಸುವುದೂ ಸಭ್ಯತೆಯಲ್ಲ. ಬಸ್ ಪ್ರಯಾಣದ ಬ್ಯಾಗು ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಅದಕ್ಕಿಂತ ಖಚಿತವಾದ ದಾರಿ ಇದೆ, ಮನೆಗೆ ತಂದ ಮೇಲೆ ಮಾಡುವಂಥದ್ದು. ಮೂರ್ತಿಯನ್ನು ದಾರದಲ್ಲಿ ಕಟ್ಟಿ ತೂಗಿ. ಹಾಗೆಯೇ ಬಕೆಟ್ಟಿನ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಮತ್ತೆ ತೂಗಿ. ಗಾಳಿಯಲ್ಲಿ 1000 ಗ್ರಾಂ ತೂಗಿದ ಬಳಪದ ಕಲ್ಲು ನೀರಿನಲ್ಲಿ 640 ಗ್ರಾಂ ಆಸುಪಾಸು ತೋರಿಸುತ್ತದೆ. ಮೂರನೇ ಒಂದು ಭಾಗಕ್ಕಿಂತ ಕೊಂಚ ಹೆಚ್ಚು ಇಳಿಯುತ್ತದೆ. ಪುಡಿ ಬೆರೆಸಿದ ರೆಸಿನ್ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡು 430ರ ಸುತ್ತ ನಿಲ್ಲುತ್ತದೆ. ದೊಡ್ಡ ರೆಸಿನ್ ಮೂರ್ತಿಗಳು ಒಳಗೆ ಟೊಳ್ಳಾಗಿದ್ದರೆ ಇನ್ನೂ ಕಡಿಮೆ. ಪ್ಲಾಸ್ಟರಿನದನ್ನು ಮಾತ್ರ ಮುಳುಗಿಸಬೇಡಿ. ನೀರು ಕುಡಿದು ಮೆತ್ತಗಾಗುತ್ತದೆ, ಬಣ್ಣ ಏಳುತ್ತದೆ.

ಪ್ಲಾಸ್ಟರಿನ ಬಗ್ಗೆ ಹೇಳುವುದು ಇಷ್ಟೇ: ಮಲೆನಾಡಿನ ಮನೆಗೆ ಅದು ಆಗಿಬರುವುದಿಲ್ಲ. ಒಂದೇ ಮಳೆಗಾಲಕ್ಕೆ ತಳದಿಂದ ಬೂಸ್ಟು ಹತ್ತುತ್ತದೆ.

ಕಲ್ಲೆಂದು ಖಾತ್ರಿಯಾದ ಮೇಲೆ ಕಲ್ಲಿನ ಆರೋಗ್ಯ ನೋಡಬೇಕು. ನಾಣ್ಯದಿಂದ ಮೆಲ್ಲಗೆ ತಟ್ಟಿ. ಸ್ಪಷ್ಟ ಸದ್ದು ಬಂದರೆ ಸರಿ, ಬಡ್ಡು ಸದ್ದು ಬಂದರೆ ಒಳಗೆ ಬಿರುಕು ಇರಬಹುದು. ಒದ್ದೆ ಬಟ್ಟೆಯಿಂದ ಇಡೀ ಮೂರ್ತಿ ಒರೆಸಿ ಒಂದೆರಡು ನಿಮಿಷ ಕಾಯಿರಿ. ಮೇಲ್ಮೈ ಆರಿದ ಮೇಲೂ ಕೂದಲೆಳೆಯಂಥ ಒದ್ದೆ ಗೆರೆ ಉಳಿದರೆ ಅದೇ ಬಿರುಕು. ಗೆರೆ ಮಣಿಕಟ್ಟಿನಲ್ಲೋ ಪಾದದ ಹತ್ತಿರವೋ ಇದ್ದರೆ ಬೇರೆಯದನ್ನು ಕೇಳಿ. ತುಕ್ಕು ಬಣ್ಣದ ಎಳೆಗಳಿದ್ದರೆ ಒಳಗೆ ಕಬ್ಬಿಣದ ಅಂಶವಿದೆ. ತೇವದ ಗೋಡೆಯ ಪಕ್ಕ ಇಟ್ಟರೆ ಮುಂದೆ ಕಂದು ಕಲೆ ಹರಡುತ್ತದೆ.

ಕೈಕೆಲಸವೋ ಯಂತ್ರದ್ದೋ ಎಂಬುದೂ ಈಗ ಕೇಳಬೇಕಾದ ಪ್ರಶ್ನೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರ ಕೊರೆದ ಕಲ್ಲಿನಲ್ಲಿ ಹಾರಗಳ ಹಿಂದೆ, ಜಡೆಯ ಬದಿಯಲ್ಲಿ, ಒಂದೇ ಅಂತರದ ಸಮಾನಾಂತರ ಗೆರೆಗಳು ಉಳಿದಿರುತ್ತವೆ. ಕೈಯಲ್ಲಿ ಕೆತ್ತಿದ್ದರಲ್ಲಿ ಎಡ ಬಲದ ಕರ್ಣಕುಂಡಲಗಳು ತುಸುವಾದರೂ ಬೇರೆಯಾಗಿರುತ್ತವೆ. ಒಂದೇ ಅಂಗಡಿಯಲ್ಲಿ ಮೂರು ಮೂರ್ತಿ ಪಕ್ಕಪಕ್ಕ ಇಟ್ಟು ನೋಡುವುದು ಇನ್ನೂ ಸುಲಭ. ಮೂವರ ಸೊಂಟದ ಡಾಬಿನ ಮಣಿಗಳ ಎಣಿಕೆ ಒಂದೇ ಆಗಿದ್ದರೆ ಅಚ್ಚು ಅಥವಾ ಯಂತ್ರ. ಯಂತ್ರದ್ದು ಎಂದ ಮಾತ್ರಕ್ಕೆ ಕೆಟ್ಟದ್ದಲ್ಲ, ಕೈಕೆಲಸದ ಬೆಲೆ ಕೊಡಬೇಡಿ ಅಷ್ಟೆ. ಬೆಲೆ ದಿನದಿಂದ ದಿನಕ್ಕೆ, ಬಸ್ಸಿನಿಂದ ಬಸ್ಸಿಗೆ ಬದಲಾಗುವುದರಿಂದ ಇಲ್ಲಿ ಅಂಕಿ ಬರೆದು ಉಪಯೋಗವಿಲ್ಲ. ಒಂದು ಅನುಪಾತ ನೆನಪಿಡಿ: ಅದೇ ಎತ್ತರದ ರೆಸಿನ್‌ಗಿಂತ ಕೈಯಲ್ಲಿ ಕೆತ್ತಿದ ಕಲ್ಲು ಹಲವು ಪಟ್ಟು ದುಬಾರಿಯಾಗಲೇಬೇಕು, ಏಕೆಂದರೆ ಒಂದು ಅಚ್ಚಿಗೆ ಸುರಿಯುವ ಕೆಲಸ, ಇನ್ನೊಂದು ದಿನಗಟ್ಟಲೆ ಕೂರುವ ಕೆಲಸ. ಎರಡಕ್ಕೂ ಹತ್ತಿರ ಹತ್ತಿರದ ಬೆಲೆ ಹೇಳಿದರೆ ಒಂದರ ವಿಷಯದಲ್ಲಿ ಸುಳ್ಳು ಇದೆ.

ಇನ್ನು ಅವಳ ಕಡೆಗೆ ಬರೋಣ. ಮೂಲ ಶಿಲ್ಪದಲ್ಲಿ ಅವಳು ನೋಡುತ್ತಿರುವುದು ಕನ್ನಡಿಯನ್ನು. ಕೆಳಗೆ ನಿಂತವರು ಎಷ್ಟು ಜನರಿದ್ದರೂ ಅವಳಿಗೆ ಸಂಬಂಧವಿಲ್ಲ. ಅಂಗಡಿಯ ಪ್ರತಿಕೃತಿಗಳಲ್ಲಿ ಬಹುಪಾಲು ಈ ನೋಟ ತಪ್ಪಿದೆ. ಕತ್ತು ಒಂದಿಷ್ಟು ಈ ಕಡೆ ತಿರುಗಿ, ಮುಖ ನೇರ ಗಿರಾಕಿಗೆ ಎದುರಾಗಿದೆ; ಕನ್ನಡಿ ಮಾತ್ರ ಪಕ್ಕದಲ್ಲಿ, ಬೀಸಣಿಗೆಯೋ ತಟ್ಟೆಯೋ ಎಂಬಂತೆ, ಉಳಿದುಕೊಂಡಿದೆ. ಇದಕ್ಕೆ ತಾಂತ್ರಿಕ ಕಾರಣವೂ ಉಂಟು. ಎರಡು ಭಾಗದ ಅಚ್ಚಿನಲ್ಲಿ ಮುಖ ಮುಂದಕ್ಕಿದ್ದರೆ ಮೂಗು ಹಾಳಾಗದೆ ಬಿಡಿಸಿಕೊಳ್ಳುತ್ತದೆ, ಓರೆಯಾಗಿದ್ದರೆ ಕೂಡುಗೆರೆ ಕೆನ್ನೆಯ ಮೇಲೆ ಬರುತ್ತದೆ. ಆದರೆ ಅಚ್ಚಿಲ್ಲದ ಕಲ್ಲಿನ ಮೂರ್ತಿಗಳಲ್ಲೂ ಇದೇ ತಿರುವು ಕಾಣುವುದರಿಂದ ಕಾರಣ ಅಚ್ಚೊಂದೇ ಅಲ್ಲ. ಕಪಾಟಿನಲ್ಲಿ ಕೂತ ಸರಕು ಕೊಳ್ಳುವವರನ್ನು ನೋಡಬೇಕು ಎಂಬುದು ಜಾಹೀರಾತಿನ ವ್ಯಾಕರಣ. ಸೋಪಿನ ಹೊದಿಕೆಯ ಹೆಣ್ಣು, ಸೀರೆ ಪೆಟ್ಟಿಗೆಯ ಹೆಣ್ಣು, ಒಡವೆ ಅಂಗಡಿಯ ಫ್ಲೆಕ್ಸಿನ ಹೆಣ್ಣು ಎಲ್ಲರೂ ನೋಡುವುದು ನಮ್ಮನ್ನೇ. ದರ್ಪಣಸುಂದರಿಯೂ ಆ ಸಾಲಿಗೆ ಬಂದು ನಿಂತಿದ್ದಾಳೆ.

ಪರೀಕ್ಷಿಸಲು ಒಂದು ದಾರ ಸಾಕು. ಒಂದು ತುದಿಯನ್ನು ಕಣ್ಣಿನ ನಡುವೆ ಹಿಡಿದು, ಮುಖ ತಿರುಗಿರುವ ದಿಕ್ಕಿಗೆ ನೇರ ಎಳೆಯಿರಿ. ದಾರ ಕನ್ನಡಿಯ ಬಿಲ್ಲೆಯ ಒಳಗೆ ಬಿದ್ದರೆ ಕೆತ್ತಿದವರು ಮೂಲವನ್ನು ಕತ್ತೆತ್ತಿ ನೋಡಿದ್ದಾರೆ. ಹೊರಗೆ ಬಿದ್ದರೆ ಅವರು ನೋಡಿದ್ದು ಇನ್ನೊಂದು ಪ್ರತಿಕೃತಿಯನ್ನು.

ಮೈಯ ಬದಲಾವಣೆಗಳೂ ಗಮನಿಸಬೇಕಾದವು. ಹೊಯ್ಸಳ ಶಿಲ್ಪಿಗಳ ಹೆಣ್ಣು ತುಂಬಿದ ಕೆನ್ನೆಯ, ಬಲವಾದ ತೊಡೆಯ, ನೆಲ ಊರಿ ನಿಂತ ಹೆಂಗಸು. ಹೊಸ ಅಚ್ಚುಗಳಲ್ಲಿ ಸೊಂಟ ಹಿಂಡಿದಂತಿದೆ, ಮೂಗು ಚೂಪಾಗಿದೆ, ಗಲ್ಲ ಮುಂದೆ ಬಂದಿದೆ. ಬಣ್ಣದ ರೆಸಿನ್‌ಗಳಲ್ಲಿ ಚರ್ಮಕ್ಕೆ ತಿಳಿ ಕೆನೆ ಬಣ್ಣ, ತುಟಿಗೆ ಕೆಂಪು, ಹುಬ್ಬಿಗೆ ಒಂದೇ ಎಳೆತದ ಕಪ್ಪು. ಮೂಲದಲ್ಲಿಲ್ಲದ ಮೂಗುಬೊಟ್ಟು ಇಲ್ಲಿ ಚಿನ್ನದ ಚುಕ್ಕೆಯಾಗಿ ಬಂದಿರುತ್ತದೆ. ಕೆಲವಕ್ಕೆ ಎದೆಯ ಮೇಲೆ ಬಣ್ಣದ ಪಟ್ಟಿ ಎಳೆದು ಕುಪ್ಪಸ ಮಾಡಿರುತ್ತಾರೆ; ಷೋಕೇಸಿನಲ್ಲಿಡಲು ಮುಜುಗರಪಡುವ ಗಿರಾಕಿಗಾಗಿ. ಕಾಲ ಬಳಿಯ ಪುಟ್ಟ ಪರಿಚಾರಕರು ಎರಡು ಉಂಡೆಗಳಾಗಿ ಕರಗಿದ್ದಾರೆ, ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರ ಪೂರಾ ಮಾಯ. ಮೂಲದಲ್ಲಿ ಹೆಣ್ಣೂ ಚಪ್ಪರವೂ ಒಂದೇ ಕಲ್ಲು. ಒಬ್ಬ ಮದನಿಕೆಯ ಚಪ್ಪರದಲ್ಲಿ ಹಣ್ಣಿನ ಮೇಲೆ ಕೂತ ನೊಣ, ಅದಕ್ಕೆ ಹೊಂಚುವ ಹಲ್ಲಿ ಕೂಡ ಇವೆ. ಚಪ್ಪರ ತೆಗೆದರೆ ಅವಳು ನಿಂತ ಜಗತ್ತು ಹೋಗಿ ಮಾಡೆಲ್ ಮಾತ್ರ ಉಳಿಯುತ್ತಾಳೆ. ಅಚ್ಚಿನ ದೃಷ್ಟಿಯಿಂದ ಹೇಳುವುದಾದರೆ, ಚಪ್ಪರದ ತೂತುಗಳಲ್ಲಿ ಸಿಲಿಕಾನ್ ಸಿಕ್ಕಿಕೊಂಡು ಹರಿಯುತ್ತದೆ, ಒಂದು ಅಚ್ಚಿನಿಂದ ತೆಗೆಯಬಹುದಾದ ಮೂರ್ತಿಗಳ ಸಂಖ್ಯೆ ಇಳಿಯುತ್ತದೆ.

ಹಾಗೆಂದು ಮೂಲವನ್ನು ಪರಿಶುದ್ಧವೆಂದು ಪೂಜಿಸಬೇಕಿಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವಾಲಯದ ಈ ಹೆಣ್ಣುಗಳನ್ನು ಕಡೆದವರು ಗಂಡಸರು, ಮತ್ತು ಅವರು ಪೀಠದ ಮೇಲೆ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಸಹಿಯೂ ಮದನಿಕೆಯರ ಕೆಳಗಿದೆ. ಹೆಣ್ಣಿನ ಹೆಸರು ಎಲ್ಲೂ ಇಲ್ಲ. ರಾಣಿ ಶಾಂತಲೆಯೇ ರೂಪದರ್ಶಿ ಎಂಬುದು ಗೈಡುಗಳ ಬಾಯಲ್ಲಿ ಬೆಳೆದ ಕಥೆ. ಕೇಳಲು ಚೆನ್ನ, ಶಾಸನದ ಬೆಂಬಲವಿಲ್ಲ. ಅಂಗಡಿಯ ಪ್ರತಿಕೃತಿಯಲ್ಲಿ ಕೆತ್ತಿದವರ ಹೆಸರೂ ಅಳಿದುಹೋಗಿದೆ. ಆದ್ದರಿಂದ ಕಲ್ಲಿನದು ಕೊಳ್ಳುವಾಗ ಯಾರು ಕೆತ್ತಿದ್ದು, ಎಲ್ಲಿಂದ ಬಂದದ್ದು ಎಂದು ಕೇಳಿ. ಎಲ್ಲವೂ ಬೇಲೂರಿನದೇ ಆಗಿರಬೇಕಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಕಲ್ಲು ಕೆತ್ತನೆಯ ಊರುಗಳಿಂದಲೂ ಮೂರ್ತಿಗಳು ರಾಜ್ಯದ ಎಲ್ಲೆಡೆ ಹೋಗುತ್ತವೆ. ಕೆತ್ತಿದವರೇ ಅಂಗಡಿಯಲ್ಲಿದ್ದರೆ ತಳದಲ್ಲಿ ಹೆಸರು, ಊರು, ವರ್ಷ ಕೊರೆಸಿಕೊಳ್ಳಿ. ಸಣ್ಣ ಉಳಿಯಲ್ಲಿ ಹತ್ತು ನಿಮಿಷದ ಕೆಲಸ. ದಾಸೋಜನಿಗಿದ್ದ ಗೌರವ ಇವರಿಗೂ ಇರಲಿ.

ಈಗ ಅಗ್ಗದ ರೆಸಿನ್‌ದೂ ಒಂದು ಕೊಳ್ಳಿ ಎಂದದ್ದೇಕೆ ಎಂದು ಹೇಳಬೇಕು. ಪ್ರತಿಕೃತಿಯ ಹೆಣ್ಣನ್ನು ಅಂಗಡಿಯಿಂದಲೇ ತಂದು ಗ್ಯಾಲರಿಯಲ್ಲಿ ನಿಲ್ಲಿಸುವುದು ಸಮಕಾಲೀನ ಕಲೆಗೆ ಹೊಸತಲ್ಲ. ಇಟಲಿಯ ಮಿಕೆಲಾಂಜೆಲೊ ಪಿಸ್ತೊಲೆತ್ತೊ 1967ರಲ್ಲಿ ತೋಟದ ಅಲಂಕಾರ ಸಾಮಾನಿನ ಅಂಗಡಿಯ ಸಿಮೆಂಟಿನ ವೀನಸ್ ಒಂದನ್ನು ತಂದು, ಹಳೆಬಟ್ಟೆಯ ರಾಶಿಗೆ ಮುಖ ಮಾಡಿ, ನೋಡುಗರಿಗೆ ಬೆನ್ನು ತಿರುಗಿಸಿ ನಿಲ್ಲಿಸಿದರು. ಸೌಂದರ್ಯದೇವತೆಯ ಸಗಟು ನಕಲು, ಉಟ್ಟು ಬಿಸಾಡಿದ ಬಟ್ಟೆ, ಅಷ್ಟೇ ಸಾಮಗ್ರಿ. ಅಮೆರಿಕದ ಬಾರ್ಬರಾ ಕ್ರೂಗರ್ 1981ರ ಒಂದು ಕೃತಿಯಲ್ಲಿ ಕಲ್ಲಿನ ಹೆಣ್ಣಿನ ತಲೆಯ ಪಕ್ಕನೋಟದ ಫೋಟೊ ಇಟ್ಟು, ನಿಮ್ಮ ನೋಟ ನನ್ನ ಮುಖದ ಬದಿಗೆ ಬಂದು ಬಡಿಯುತ್ತದೆ ಎಂಬರ್ಥದ ಪದಗಳನ್ನು ಅಂಚಿನುದ್ದಕ್ಕೂ ಒಂದರ ಕೆಳಗೊಂದು ಅಂಟಿಸಿದರು. ಕ್ರೂಗರ್ ಪತ್ರಿಕೆಗಳ ಪುಟ ವಿನ್ಯಾಸಕ್ಕೆ ಕೆಲಸ ಮಾಡಿದವರು. ಜಾಹೀರಾತಿನ ಅಸ್ತ್ರವನ್ನೇ ಜಾಹೀರಾತಿನ ಮೇಲೆ ತಿರುಗಿಸಿದ್ದು ಅವರ ಹೆಚ್ಚುಗಾರಿಕೆ. ಬೇಲೂರಿನ ಅಂಗಡಿಯಲ್ಲಿ ನಿಂತು ಆ ಕೃತಿಯನ್ನು ನೆನೆದರೆ, ಕನ್ನಡಿಯಿಂದ ಮುಖ ಎತ್ತಿ ನಮ್ಮತ್ತ ನೋಡುವ ರೆಸಿನ್ ಸುಂದರಿ ಇನ್ನೊಂದು ಬಗೆಯಲ್ಲಿ ಕಾಣುತ್ತಾಳೆ.

ನಮ್ಮವರ ಕೆಲಸ ಇನ್ನೂ ಹತ್ತಿರದ್ದು. ಬೆಂಗಳೂರಿನ ಎನ್. ಪುಷ್ಪಮಾಲಾ ಬರೋಡದಲ್ಲಿ ಶಿಲ್ಪಕಲೆಯನ್ನೇ ಕಲಿತವರು, ಆಮೇಲೆ ಕ್ಯಾಮೆರಾದ ಮುಂದೆ ತಾವೇ ವೇಷ ತೊಟ್ಟು ನಿಂತರು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ, ದಕ್ಷಿಣ ಭಾರತದ ಹೆಂಗಸರ ಕುರಿತ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯಿಂದ ಹಿಡಿದು ಪತ್ರಿಕೆಯ ಅಪರಾಧ ಸುದ್ದಿಯ ಫೋಟೊವರೆಗೆ ಎಲ್ಲ ಹೆಣ್ಣುಗಳೂ ಅವರೇ. ಹಿನ್ನೆಲೆಯ ಪರದೆ, ನಕಲಿ ತಾವರೆ, ಬಾಡಿಗೆ ಒಡವೆ ಏನನ್ನೂ ಮುಚ್ಚಿಡುವುದಿಲ್ಲ. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮ ಶುರುಮಾಡಿದ ಅಚ್ಚುಕೂಟದಿಂದ ಹೊರಟ ಚಿತ್ರಗಳು ಮನೆಮನೆಯ ಗೋಡೆಗೆ ಬಂದು, ಕ್ಯಾಲೆಂಡರಾಗಿ, ಸರಕಿನ ಚೀಟಿಯಾಗಿ ಹರಡಿದ ದಾರಿಯಲ್ಲೇ ಇಂದು ದರ್ಪಣಸುಂದರಿ ನಡೆಯುತ್ತಿದ್ದಾಳೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಹೆಣ್ಣಿನ ಆಕೃತಿಯನ್ನೇ ಕೈಬಿಟ್ಟು, ಸೂಜಿ, ನೂಲು, ಕುಂಕುಮಗಳಲ್ಲಿ ಅವಳ ದುಡಿಮೆಯನ್ನೂ ನೋವನ್ನೂ ಕಾಣಿಸಿದರು. 1998ರ ಕೃತಿಯಲ್ಲಿ ಸೂಜಿಗಳಲ್ಲಿ ಪೋಣಿಸಿದ ನೂಲಿನ ಎಳೆಗಳು ಕುಂಕುಮ ಮತ್ತು ಗೋಂದಿನಲ್ಲಿ ಅದ್ದಿ ದಪ್ಪ ಹುರಿಯಾಗಿ ಗೋಡೆಯಿಂದ ನೆಲಕ್ಕೆ ಇಳಿಯುತ್ತವೆ, ತುದಿಯಲ್ಲಿ ಸೂಜಿಗಳು ಗೊಂಚಲು. ಹಾಸನ, ಚಿಕ್ಕಮಗಳೂರಿನ ಕಲಾ ವಿದ್ಯಾರ್ಥಿಗಳು ಇವರಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಒಬ್ಬರು ರೂಪವನ್ನು ತೊಟ್ಟು ತೋರಿಸುತ್ತಾರೆ, ಇನ್ನೊಬ್ಬರು ರೂಪವನ್ನು ತೆಗೆದು.

ಇಂಥ ಕೆಲಸಕ್ಕೆ ಕಚ್ಚಾ ಸಾಮಗ್ರಿಯಾಗಿ ಕಲ್ಲಿನ ಸುಂದರಿಗಿಂತ ರೆಸಿನ್‌ದು ಹೆಚ್ಚು ಮಾತಾಡುತ್ತದೆ. ಅದರಲ್ಲೂ ಕನ್ನಡಿಯ ಜಾಗದಲ್ಲಿ ನಿಜವಾದ ಗಾಜಿನ ಬಿಲ್ಲೆ ಅಂಟಿಸಿದ ಒಂದು ಬಗೆ ಸಿಗುತ್ತದೆ. ಮುಖ ನಮ್ಮ ಕಡೆ, ಗಾಜೂ ನಮ್ಮ ಕಡೆ. ಅದರಲ್ಲಿ ಅವಳ ಮುಖ ಯಾವ ಕೋನದಿಂದಲೂ ಕಾಣುವುದಿಲ್ಲ; ಕಾಣುವುದು ಕೊಳ್ಳಲು ನಿಂತವರ ಮೂಗು, ಹಿಂದಿನ ಟ್ಯೂಬ್‌ಲೈಟು. ಮಾಡಿದವರಿಗೆ ಆ ಉದ್ದೇಶ ಇರಲಿಲ್ಲ ಎಂಬುದರಿಂದಲೇ ಅದಕ್ಕೆ ಬೆಲೆ. ಗಾಜಿನ ಅಂಟು ಮಾತ್ರ ಕಳಪೆ, ಬೇಸಿಗೆಯಲ್ಲಿ ಕಳಚುತ್ತದೆ. ಕೊಂಡ ದಿನವೇ ಎರಡು ಟ್ಯೂಬಿನ ಎಪಾಕ್ಸಿಯಿಂದ ಮತ್ತೆ ಕೂರಿಸಿ. ಕಿಟಕಿಯ ಬಿಸಿಲಿಗಿಟ್ಟರೆ ರೆಸಿನ್ ಹಳದಿಯಾಗುತ್ತದೆ ಎಂಬುದೂ ಗೊತ್ತಿರಲಿ.

ತಾವೇ ಅಚ್ಚು ತೆಗೆದು ಸಾಲು ಮೂರ್ತಿ ಮಾಡಹೊರಟವರಿಗೆ ಕೆಲವು ಎಚ್ಚರಿಕೆ. ಬೇರೆ ಕೆತ್ತನೆಗಾರರ ಇತ್ತೀಚಿನ ಮೂರ್ತಿಯ ಮೇಲೆ ಅಚ್ಚು ತೆಗೆಯುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ದೇವಸ್ಥಾನದ ಶಿಲ್ಪಕ್ಕೆ ಅಚ್ಚು ಹಾಕುವುದಂತೂ ಅಪರಾಧವೇ ಸರಿ. ಕಲ್ಲಿಗೆ ತೆಳುವಾಗಿ ಮೇಣ ಸವರಿ, ಆರ್‌ಟಿವಿ ಸಿಲಿಕಾನಿಗೆ (ಕೋಣೆಯ ಶಾಖದಲ್ಲೇ ಗಟ್ಟಿಯಾಗುವ ರಬ್ಬರಿಗೆ) ಡಬ್ಬದ ಮೇಲೆ ಹೇಳಿದಷ್ಟೇ ಹಾರ್ಡ್‌ನರ್ ತೂಗಿ ಹಾಕಿ. ಸಾಮಾನ್ಯವಾಗಿ ನೂರು ಭಾಗಕ್ಕೆ ಎರಡರಿಂದ ನಾಲ್ಕು ಭಾಗ ಇರುತ್ತದೆ. ಕಣ್ಣಳತೆಯಲ್ಲಿ ಹೆಚ್ಚು ಸುರಿದರೆ ಬೇಗ ಗಟ್ಟಿಯಾಗಿ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಳ್ಳುತ್ತದೆ, ಅಚ್ಚೂ ಬೇಗ ಹರಿಯುತ್ತದೆ. ಮೊದಲು ಬ್ರಷ್‌ನಿಂದ ತೆಳು ಪದರ, ಅದು ಅಂಟಂಟಾದ ಮೇಲೆ ಎರಡನೆಯ ದಪ್ಪ ಪದರ, ಹೊರಗೆ ಪ್ಲಾಸ್ಟರಿನ ಕವಚ. ಪಾಲಿಯೆಸ್ಟರ್ ರೆಸಿನ್‌ಗೆ ಹಾಕುವ ವೇಗವರ್ಧಕ ಕೋಬಾಲ್ಟ್ ಮತ್ತು ಗಟ್ಟಿ ಮಾಡುವ ಪೆರಾಕ್ಸೈಡ್, ಈ ಎರಡನ್ನು ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬೇಡಿ. ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲೆ ನೂರಕ್ಕೆ ಒಂದರಿಂದ ಎರಡರಷ್ಟು ಪೆರಾಕ್ಸೈಡ್. ಜುಲೈ, ಆಗಸ್ಟಿನ ಚಳಿ ತೇವದಲ್ಲಿ ಮೇಲ್ಮೈ ದಿನವಿಡೀ ಅಂಟಂಟಾಗಿಯೇ ಇರುತ್ತದೆ. ಅದಕ್ಕೆ ಪೆರಾಕ್ಸೈಡ್ ಹೆಚ್ಚಿಸುವುದು ಪರಿಹಾರವಲ್ಲ, ಬಿರುಕು ಬಿಡುತ್ತದೆ. ಬಲ್ಬಿನ ಶಾಖದಲ್ಲಿ ಕೋಣೆ ಬೆಚ್ಚಗೆ ಮಾಡಿಕೊಳ್ಳಿ ಅಥವಾ ದೀಪಾವಳಿ ಕಳೆಯಲಿ. ರಾಳದಿಂದ ಏಳುವ ಸ್ಟೈರೀನ್ ಹೊಗೆಗೆ ಬಟ್ಟೆಯ ಮಾಸ್ಕ್ ಸಾಲದು, ಕಾರ್ಬನ್ ಫಿಲ್ಟರಿನದೇ ಬೇಕು.

ಮೂರ್ತಿಯನ್ನು ಎಲ್ಲಿಡಬೇಕು ಎಂಬುದನ್ನು ಯಾವ ಅಂಗಡಿಯೂ ಹೇಳುವುದಿಲ್ಲ. ಮದನಿಕೆಯರು ಕಂಬದ ಮೇಲಿನಿಂದ ಸೂರಿಗೆ ಓರೆಯಾಗಿ ಆತುಕೊಂಡು, ಕೆಳಗಿನಿಂದ ನೋಡುವವರಿಗಾಗಿ ಕಡೆದವರು. ಟೀಪಾಯಿ ಮೇಲಿಟ್ಟು ಮೇಲಿನಿಂದ ನೋಡಿದರೆ ತಲೆ ದೊಡ್ಡದು, ಕಾಲು ಗಿಡ್ಡ. ಎದೆಮಟ್ಟಕ್ಕಿಂತ ಮೇಲೆ, ಸಾಧ್ಯವಾದರೆ ಬಾಗಿಲ ಮೇಲಿನ ಹಲಗೆಯಲ್ಲಿ, ಹಿಂದೆ ಬೆಣೆ ಕೊಟ್ಟು ತುಸು ಮುಂದಕ್ಕೆ ವಾಲಿಸಿ. ವಾಲಿಸಿದರೆ ಬೀಳುವ ಭಯ ಇದ್ದೇ ಇದೆ, ಸೊಂಟದ ಹಿಂದೆ ತೆಳು ತಾಮ್ರದ ತಂತಿ ಸುತ್ತಿ ಗೋಡೆಯ ಮೊಳೆಗೆ ಕಟ್ಟಿ. ಬೆಳಕು ಒಂದು ಬದಿಯಿಂದ ಬರಲಿ; ನೇರ ಎದುರಿನ ಎಲ್‌ಇಡಿ ಕುಸುರಿಯ ಆಳವನ್ನೆಲ್ಲ ನುಂಗುತ್ತದೆ. ದೇವಸ್ಥಾನದಲ್ಲಿ ಮೂಲವನ್ನು ಹೋಲಿಸಿ ನೋಡಬೇಕಿದ್ದರೆ ಬೈನಾಕ್ಯುಲರ್ ಒಯ್ಯಿರಿ. ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ಓರೆಯಾಗಿ ಸೂರಿನ ಕೆಳಗೆ ನುಗ್ಗುವ ಹೊತ್ತು ಆ ಕಡೆಯ ಮದನಿಕೆಯರಿಗೆ ಒಳ್ಳೆಯದು. ಮಧ್ಯಾಹ್ನ ಸೂರಿನ ನೆರಳಲ್ಲಿ ಎಲ್ಲವೂ ಕಪ್ಪು. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ತೊಂದರೆಯಿಲ್ಲ, ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಒಡೆಯುವ ಜಾಗ ಬಹುತೇಕ ಯಾವಾಗಲೂ ಒಂದೇ, ಕನ್ನಡಿ ಹಿಡಿದ ಕೈಯ ಮಣಿಕಟ್ಟು. ಕಲ್ಲಿನದಾದರೆ ಚೂರುಗಳನ್ನು ತೊಳೆದು ಒಣಗಿಸಿ, ಎರಡೂ ಕಡೆ ಒಂದೂವರೆ ಮಿಲಿಮೀಟರಿನ ಡ್ರಿಲ್‌ನಿಂದ ಐದಾರು ಮಿಲಿಮೀಟರು ಆಳ ಕೊರೆದು, ಹಿತ್ತಾಳೆ ತಂತಿಯ ತುಂಡು ಸೇರಿಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿ 24 ಗಂಟೆ ಅಲ್ಲಾಡಿಸದೆ ಬಿಡಿ. ಸಂದು ಕಾಣದಿರಲು ಅದೇ ಮೂರ್ತಿಯ ತಳ ಕೆರೆದ ಪುಡಿಯನ್ನು ಎಪಾಕ್ಸಿಗೆ ಕಲಸಬಹುದು. ಕ್ಷಣದಲ್ಲಿ ಅಂಟುವ ಗೋಂದು ಬೇಡ; ಹಿಡಿಯುತ್ತದೆ, ಮುಂದಿನ ಬಾರಿ ಧೂಳು ಒರೆಸುವಾಗ ಬಿಡುತ್ತದೆ, ಅಂಚು ಹಾಳಾಗಿ ಆಮೇಲೆ ಎಪಾಕ್ಸಿಯೂ ಕೂರುವುದಿಲ್ಲ. ದಿನನಿತ್ಯದ ಶುಚಿಗೆ ಒಣ ಮೆದು ಬ್ರಷ್ ಸಾಕು. ತಿಂಗಳಿಗೊಮ್ಮೆ ಎಣ್ಣೆ ಹಚ್ಚುವವರಿದ್ದಾರೆ. ಹೊಳಪು ಬರುವುದು ನಿಜ, ಧೂಳೂ ಕೂತು ಸೊಂಟದ ಮಣಿಗಳ ನಡುವೆ ಜಿಗುಟಾಗುತ್ತದೆ.

ಪ್ಯಾಕಿಂಗಿನಲ್ಲಿ ಅಂಗಡಿಗಳಿಗೆ ಅಂಕ ಕಡಿಮೆ. ಹಳೆ ಪೇಪರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರೆ ಸಕಲೇಶಪುರದ ಘಾಟಿ ಇಳಿಯುವಷ್ಟರಲ್ಲಿ ಕೈ ಹೋಗಿರುತ್ತದೆ. ತೋಳು ಮೈಯ ನಡುವಿನ ಕಂಡಿಗೆ ಮೊದಲು ಹತ್ತಿ ಅಥವಾ ಮಡಿಸಿದ ಬಟ್ಟೆ ತುಂಬಿಸಿ, ಆಮೇಲೆ ಬಬಲ್ ಶೀಟು, ಆಮೇಲೆ ಡಬ್ಬ. ಡಬ್ಬವನ್ನು ಅಲುಗಿಸಿದರೆ ಒಳಗೆ ಏನೂ ಸರಿಯಬಾರದು. ನಿಲ್ಲಿಸಿ ಒಯ್ಯುವುದಕ್ಕಿಂತ ಬೆನ್ನ ಮೇಲೆ ಮಲಗಿಸಿ ಒಯ್ಯುವುದು ಕ್ಷೇಮ.

ಹಿತ್ತಾಳೆಯದು ಗಟ್ಟಿ, ಆದರೆ ಮುಖಭಾವ ನಯವಿಲ್ಲ, ಸಣ್ಣ ಗಾತ್ರದಲ್ಲಿ ಕನ್ನಡಿ ಯಾವುದು ಕೈ ಯಾವುದು ತಿಳಿಯುವುದಿಲ್ಲ. ಮರದ್ದು ಕೊಳ್ಳುವುದಾದರೆ ಸಾಗರ, ಸೊರಬದ ಗುಡಿಗಾರರ ಕೆಲಸವನ್ನೇ ಹುಡುಕಿಕೊಂಡು ಹೋಗಿ. ಗಂಧದ ಎಣ್ಣೆ ಸವರಿ ಶ್ರೀಗಂಧ ಎಂದು ಮಾರುವ ಬಿಳಿ ಮರಕ್ಕೆ ಮೂಗು ಕೊಡಬೇಡಿ, ತಳದ ಕಡೆ ಸ್ವಲ್ಪ ಕೆರೆದು ಒಳಗಿನ ಮರವನ್ನು ಮೂಸಿ. ಫ್ರಿಜ್ ಮ್ಯಾಗ್ನೆಟ್‌ನಲ್ಲಿ ಆಯಸ್ಕಾಂತದ ಬಿಲ್ಲೆ ತೀರಾ ಚಿಕ್ಕದು, ಬಾಗಿಲು ಜೋರಾಗಿ ಹಾಕಿದರೆ ಸುಂದರಿ ನೆಲಕ್ಕೆ. ಹಿಂದೆ ಇನ್ನೊಂದು ಬಿಲ್ಲೆ ಅಂಟಿಸಿಕೊಳ್ಳಿ.